ಅನ್ನ ಕಡಿಮೆ ಮಾಡುವವರ ಅಡಿಗೆಮನೆ ಕಪಾಟು

(ಬಿಜೂರಿನ ರೈತರ ಸಭೆಯಲ್ಲಿ ಗ್ರಾಮಮಟ್ಟದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳುವವನು ಇಂದು ಅಡಿಗೆಮನೆಗೆ ಏಕೆ ಬಂದನೆಂದು ತಮಗೆ ಅನಿಸಬಹುದು. ಕಾರಣ ಇಷ್ಟೇ: ನಾನು ಹೋದ ಮನೆಗಳಲ್ಲಿ ಗದ್ದೆಯ ಮಾತು ಮುಗಿಯುವುದರೊಳಗೆ ಸಕ್ಕರೆ ಕಾಯಿಲೆಯ ಮಾತು ಬರುತ್ತಿದೆ. "ಅನ್ನ ಕಮ್ಮಿ ಮಾಡಿ ಅಂದ್ರ್ ಡಾಕ್ಟ್ರು. ಅನ್ನ ಬಿಟ್ರೆ ಉಂಬುದ್ ಎಂತ ಮಾರಾಯ್ರೆ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ಕಪಾಟಿನಲ್ಲಿ ಉತ್ತರವಿರಬೇಕು. ಹಸಿದವನು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾನೆ. ಡಬ್ಬಿಗಳಲ್ಲಿ ಅವಲಕ್ಕಿ, ರಸ್ಕು, ಬಿಸ್ಕತ್ತು, ಹಲಸಿನ ಹಪ್ಪಳ ಮಾತ್ರವೇ ಇದ್ದರೆ ಅವನು ಮತ್ತೇನನ್ನು ತಿಂದಾನು?

ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದುದರಿಂದ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಮಾತ್ರೆ ನುಂಗುವವರು ಔಷಧವನ್ನು ಹಾಗೆಯೇ ಇಟ್ಟುಕೊಂಡು ಅನ್ನವನ್ನು ಒಮ್ಮೆಲೇ ಇಳಿಸಿದರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯುವುದುಂಟು. ಬೆವರು, ನಡುಕ, ತಲೆತಿರುಗು ಅದರ ಲಕ್ಷಣ. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯವರಿಗೆ ಬೇರೊಂದು ಅಪಾಯವಿದೆ; ಅನ್ನವನ್ನು ತೀರಾ ಬಿಟ್ಟರೆ ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಇಂಥವರೂ, ಮೂತ್ರಪಿಂಡದ ತೊಂದರೆಯವರೂ, ಬಸುರಿ ಬಾಣಂತಿಯರೂ ವೈದ್ಯರನ್ನು ಕೇಳದೆ ಊಟ ಬದಲಿಸಕೂಡದು.

ಇನ್ನು ಅಕ್ಕಿಯ ವಿಚಾರ. ಹಿಂದಿನವರೂ ಕುಚ್ಚಲಕ್ಕಿಯ ಗಂಜಿಯನ್ನೇ ಉಂಡರು, ಅವರಿಗೆ ಬಾರದ ಕಾಯಿಲೆ ನಮಗೇಕೆ ಎಂದು ಹಿರಿಯರು ಕೇಳುತ್ತಾರೆ. ಅವರು ಹೂಡಿದರು, ನೆಟ್ಟರು, ಕೊಯ್ದರು, ಹೊರೆ ಹೊತ್ತರು. ಈಗ ಟಿಲ್ಲರು ಉಳುತ್ತದೆ, ಯಂತ್ರ ಕೊಯ್ಯುತ್ತದೆ, ಅಂಗಡಿಗೆ ಸ್ಕೂಟರು ಹೋಗುತ್ತದೆ. ಬಟ್ಟಲಿನ ಅನ್ನ ಮಾತ್ರ ಅಷ್ಟೇ ಉಳಿದಿದೆ. 100 ಗ್ರಾಂ ಅಕ್ಕಿಯಲ್ಲಿ 75 ಗ್ರಾಂಗಿಂತ ಹೆಚ್ಚು ಶರ್ಕರಪಿಷ್ಟವಿದೆ. ಹೊಟ್ಟೆಯಲ್ಲಿ ಅದು ಸಕ್ಕರೆಯೇ ಆಗುತ್ತದೆ. ಎಂ.ಓ. 4ರ ಕೆಂಪು ಕುಚ್ಚಲಕ್ಕಿ ಪಾಲಿಷು ಮಾಡಿದ ಬೆಳ್ತಿಗೆಗಿಂತ ಮೇಲು, ಸಂಶಯವಿಲ್ಲ. ಆದರೆ ಮೇಲೆಂದು ಮೂರು ಸೌಟು ಬಡಿಸಿಕೊಂಡರೆ ಮೇಲ್ಮೆ ಅಲ್ಲಿಗೇ ಮುಗಿಯಿತು.

ನಮ್ಮಲ್ಲಿ ಹರಡಿರುವ ಒಂದು ತಪ್ಪು ತಿಳುವಳಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆ ಎಂದ ಕೂಡಲೇ ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ, ಬೆಳಿಗ್ಗೆ ದೋಸೆ ಬಿಟ್ಟು ರಾಗಿ ಗಂಜಿ, ಚಹಕ್ಕೆ ಸಕ್ಕರೆ ಬಿಟ್ಟು ಬೆಲ್ಲ! 100 ಗ್ರಾಂ ಗೋಧಿಹಿಟ್ಟಿನಲ್ಲಿಯೂ ರಾಗಿಯಲ್ಲಿಯೂ ಸುಮಾರು 65 ಗ್ರಾಂ ಶರ್ಕರಪಿಷ್ಟವಿದೆ. ಬೆಲ್ಲವಂತೂ ಬಣ್ಣ ಬೇರೆಯಾದ ಸಕ್ಕರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆಯೆಂದು ತಿಳಿಯಿತು. ಅದೇ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಬಂತು. ನಮ್ಮ ಜನರ ಆಹಾರದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಶರ್ಕರಪಿಷ್ಟದಿಂದಲೇ ಬರುತ್ತದೆಂದೂ, ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲವೆಂದೂ, ಒಟ್ಟು ಪಿಷ್ಟ ಇಳಿದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರು, ಮೊಟ್ಟೆ, ಮೀನು ಬಂದಲ್ಲಿ ಅಪಾಯ ಕಡಿಮೆ ಕಂಡಿತೆಂದೂ ಅದು ಹೇಳುತ್ತದೆ. ಮೀನು, ಹುರುಳಿ, ಮಜ್ಜಿಗೆ ಇವು ಬಿಜೂರಿಗೆ ಹೊಸವೇ? ಪೇಟೆಯವರು ಬಾದಾಮಿ, ಪರದೇಶದ ಎಣ್ಣೆ ಎಂದು ಹಣ ಸುರಿಯಲಿ. ನಮಗೆ ಅದರ ಅವಶ್ಯವಿಲ್ಲ.

ಹಾಗಾದರೆ ಕಪಾಟಿನಲ್ಲಿ ಏನಿರಬೇಕು? ಕಣ್ಣೆದುರಿನ ತಟ್ಟಿನಲ್ಲಿ ಹುರುಳಿ, ಹೆಸರು, ಅಲಸಂಡೆ, ಉದ್ದು ಇರಲಿ. ಹುರುಳಿಯಲ್ಲಿಯೂ ಪಿಷ್ಟವಿಲ್ಲದೆ ಇಲ್ಲ, ನೂರಕ್ಕೆ ಸುಮಾರು 57 ಪಾಲು ಇದೆ. ಆದರೆ 22 ಪಾಲು ಸಸಾರಜನಕವೂ ಸಾಕಷ್ಟು ನಾರೂ ಇರುವುದರಿಂದ ಅದು ನಿಧಾನವಾಗಿ ಅರಗುತ್ತದೆ. ಬಸಿದ ನೀರಿನ ಸಾರು ಮಾತ್ರ ಉಂಡು ಬೆಂದ ಕಾಳನ್ನು ದನಕ್ಕೆ ಹಾಕುವ ರೂಢಿ ಬಿಡಬೇಕು; ದನಕ್ಕೆ ಬೇರೆ ಹಿಂಡಿ ಕೊಡೋಣ. ಅದರ ಪಕ್ಕಕ್ಕೆ ನೆಲಗಡಲೆ. ಸಂಜೆಯ ಚಹದ ಜೊತೆಗೆ ಒಂದು ಮುಷ್ಟಿ ಬೇಯಿಸಿದ ಅಥವಾ ಹುರಿದ ನೆಲಗಡಲೆ ಇದ್ದರೆ ರಸ್ಕಿನ ನೆನಪು ಬಾರದು. ಗದ್ದೆಯ ನೆಲಗಡಲೆಯನ್ನು ಒಂದು ಕಾಳು ಬಿಡದೆ ಮಾರಿ, ಆ ಹಣದಲ್ಲಿ ಬಿಸ್ಕತ್ತು ತರುವ ವ್ಯಾಪಾರ ನನಗಂತೂ ಅರ್ಥವಾಗಿಲ್ಲ. ಮೊಟ್ಟೆ ಮನೆಯ ಕೋಳಿಯದಿರಲಿ, ಅಂಗಡಿಯದಿರಲಿ, ಒಂದರಲ್ಲಿ ಸುಮಾರು 6 ಗ್ರಾಂ ಸಸಾರಜನಕ ಉಂಟು, ಪಿಷ್ಟ ಲೆಕ್ಕಕ್ಕಿಲ್ಲ. ಮೀನು ಮೊಟ್ಟೆ ತಿನ್ನದ ಮನೆಯವರು ಕಾಳು, ಮೊಸರು, ಪನೀರನ್ನು ಹೆಚ್ಚಿಸಿಕೊಳ್ಳಬಹುದು. ತೆಂಗಿನಕಾಯಿ ಇದ್ದೇ ಇದೆ, ಎಣ್ಣೆ ಮಿತವಾಗಿರಲಿ.

ಮೀನಿನ ಲೆಕ್ಕವನ್ನು ಕಾಲ ನೋಡಿ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತಂದ ಬೂತಾಯಿ, ಬಂಗುಡೆಗೆ ಆಗ ಬೆಲೆ ಏರುತ್ತದೆ. ಆ ಎರಡು ತಿಂಗಳೇ ಅನ್ನ, ಹಪ್ಪಳ ಹೆಚ್ಚು ಖರ್ಚಾಗುವ ಕಾಲ. ಒಣಮೀನು ಇಟ್ಟುಕೊಳ್ಳಿ, ಆದರೆ ಅದರಲ್ಲಿ ಉಪ್ಪು ವಿಪರೀತ. ನೀರಿನಲ್ಲಿ ನೆನೆಸಿ ಎರಡು ಮೂರು ಸಲ ತೊಳೆದು ಬಳಸತಕ್ಕದ್ದು. ರಕ್ತದೊತ್ತಡ ಇರುವವರು ಅದನ್ನೂ ಉಪ್ಪಿನಕಾಯಿಯನ್ನೂ ದೂರವಿಡುವುದೇ ಲೇಸು. ಅವರಿಗೆ ಮಳೆಗಾಲದ ಆಸರೆ ಮೊಟ್ಟೆ ಮತ್ತು ಕಾಳು.

ಕಾಳು ಶೇಖರಿಸುವುದು ನನ್ನ ಕಸುಬಿನ ವಿಷಯ, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ನಮ್ಮ ಕರಾವಳಿಯ ತೇವಕ್ಕೆ ಆಷಾಢದೊಳಗೆ ಕಾಳು ಹುಳು ಹಿಡಿಯುತ್ತದೆ. ಮಳೆ ಹಿಡಿಯುವ ಮುನ್ನ ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ತಣಿದ ಮೇಲೆ ಕಿಲೋವಿಗೆ ಒಂದು ಚಮಚ ಅಡಿಗೆಯ ಎಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿರಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಕೆಡುತ್ತದೆ. ನೆಲಗಡಲೆಯನ್ನು ಸಿಪ್ಪೆ ಸಹಿತ ಒಣಗಿಸಿ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಬೂಷ್ಟು ಹಿಡಿದ ಬೀಜವನ್ನು ತೊಳೆದೋ ಹುರಿದೋ ತಿನ್ನೋಣವೆಂದು ಯಾರೂ ಯೋಚಿಸಬೇಡಿ. ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ.

ಅಕ್ಕಿಯ ಡಬ್ಬಿಯನ್ನು ಮನೆಯಿಂದ ಹೊರಹಾಕಿ ಎಂದು ನಾನು ಹೇಳುತ್ತಿಲ್ಲ. ಹೇಳಿದರೂ ಯಾರೂ ಕೇಳಲಾರರು. ಮೂರು ಸೌಟು ಉಣ್ಣುವವರು ಮೊದಲ ವಾರ ಎರಡಕ್ಕೆ ಇಳಿಯಲಿ, ಸಕ್ಕರೆ ಪರೀಕ್ಷಿಸಿ ವೈದ್ಯರ ಮಾತಿನಂತೆ ಮುಂದೆ ಒಂದಕ್ಕೆ. ಮೊದಲು ಪಲ್ಯ, ಮೀನು, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈಹಾಕಿದರೆ ಸಕ್ಕರೆ ಏರುವುದೂ ನಿಧಾನ. ಬಟ್ಟಲಿನ ಅರ್ಧವನ್ನು ಹರಿವೆ, ಬಸಳೆ, ತೊಂಡೆ, ಸೌತೆ, ಪಡುವಲ ತುಂಬಲಿ. ಮರಗೆಣಸು, ಗೆಣಸು, ಬಟಾಟೆಗಳು ತರಕಾರಿಯ ವೇಷದ ಅನ್ನವೆಂದೇ ಎಣಿಸಿರಿ.

ಗಂಡಸರಿಗೆ ಒಂದು ಮಾತು. ಮನೆಯ ಹೆಂಗಸು ಕೊನೆಗೆ ಉಣ್ಣುತ್ತಾಳೆ. ಮೀನಿನ ತುಂಡು, ಪಲ್ಯ ಮುಗಿದಿರುತ್ತದೆ. ಉಳಿದದ್ದು ಅನ್ನ ಮತ್ತು ಸಾರು. ಆಕೆಗೂ ಕಾಯಿಲೆಯಿರಬಹುದು, ಪರೀಕ್ಷೆಯೇ ಆಗಿರಲಿಕ್ಕಿಲ್ಲ. ಆಕೆಯ ಪಾಲಿನ ಮೊಟ್ಟೆ, ಮೀನನ್ನು ಮೊದಲೇ ತೆಗೆದಿಡುವ ಕೆಲಸವನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕು, ತಾನಾಗಿ ಆಕೆ ಇಟ್ಟುಕೊಳ್ಳಲಾರಳು. ಮೂವತ್ತು ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡ ಎರಡನ್ನೂ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುವರು. ಬರಿಗಾಲಲ್ಲಿ ಕೆಸರಿಗಿಳಿಯುವ ಸಕ್ಕರೆ ಕಾಯಿಲೆಯವರು ದಿನವೂ ಸಂಜೆ ಪಾದದ ಅಡಿಯನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಮುಳ್ಳು ಚುಚ್ಚಿದ್ದು ತಿಳಿಯದೆ ಬೆರಳು ಕಳಕೊಂಡವರುಂಟು.

ಸುಗ್ಗಿಯ ಉದ್ದು, ನೆಲಗಡಲೆ ಅಂಗಳಕ್ಕೆ ಬಂದಾಗ ಮಾರುವ ಚೀಲಕ್ಕೆ ಬಾಯಿ ಹೊಲಿಯುವ ಮೊದಲು ಮನೆಯ ಡಬ್ಬಿಗಳನ್ನು ತುಂಬಿಸಿಕೊಳ್ಳಿ. ಹರಿವೆ, ಅಲಸಂಡೆಯ ಬೀಜ ಬೇಕಾದವರು ಸಭೆ ಮುಗಿದ ಮೇಲೆ ನನ್ನಲ್ಲಿ ಹೆಸರು ಬರೆಸಿರಿ.