ಗೋಧಿಯಿಲ್ಲದ ಲಸಾನ್ಯ: ಒಂದು ಹಗುರ ಪಾಕದ ಸುತ್ತ



ಕನ್ನಡ ಕೂಟದ ವೇದಿಕೆಯ ಮೇಲೆ ಸಾಹಿತ್ಯ, ಸಂಗೀತ, ಅಧ್ಯಾತ್ಮಗಳನ್ನು ಕುರಿತ ಉಪನ್ಯಾಸಗಳು ನಡೆಯುವುದು ವಾಡಿಕೆ. ಇಂದು ಸಮಿತಿಯವರು ಅಡಿಗೆಮನೆಯ ಜನರಾದ ನಮ್ಮಿಬ್ಬರನ್ನು ಕರೆದು, ಇಟಲಿಯ ಒಂದು ಭಕ್ಷ್ಯದ ಬಗ್ಗೆ ಮಾತನಾಡಿ ಎಂದು ಅಪ್ಪಣೆ ಮಾಡಿದ್ದಾರೆ. ಅವರ ಔದಾರ್ಯಕ್ಕೆ ಕೃತಜ್ಞತೆಗಳನ್ನು ಸಲ್ಲಿಸಿ, ವಿಷಯಕ್ಕೆ ಬರುತ್ತೇವೆ.

ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಲಸಾನ್ಯ ಎಂದರೇನೆಂದು ವಿವರಿಸಬೇಕಾಗಿಲ್ಲ. ಶಾಲೆಯ ಸಮಾರಂಭವಿರಲಿ, ಹುಟ್ಟುಹಬ್ಬವಿರಲಿ, ನಮ್ಮ ಕೂಟದ ಊಟವೇ ಇರಲಿ, ಮಕ್ಕಳ ಸಾಲಿನ ಮೇಜಿನ ಮೇಲೆ ಅದರದೊಂದು ದೊಡ್ಡ ತಟ್ಟೆ ಇದ್ದೇ ಇರುತ್ತದೆ. ಅಗಲವಾದ ಪಾಸ್ತಾ ಹಾಳೆ, ಟೊಮೇಟೊ ಗೊಜ್ಜು, ಹಾಲಿನ ಬಿಳಿ ಸಾಸು, ಚೀಸು ಇವುಗಳನ್ನು ಪದರ ಪದರವಾಗಿ ಹರಡಿ ಒಲೆಯಲ್ಲಿ ಬೇಯಿಸಿದ ಭಕ್ಷ್ಯ ಅದು. ನಮ್ಮ ಮನೆಯಲ್ಲಿಯೂ ಅದು ತಿಂಗಳಿಗೊಮ್ಮೆ ಆಗುತ್ತಿತ್ತು. ನಮ್ಮ ಮಗಳಿಗೆ ಒಂಬತ್ತು ವರ್ಷವಾದಾಗ ಅದು ನಿಂತುಹೋಯಿತು.

ಒಂದು ವರ್ಷದಿಂದ ಅವಳಿಗೆ ಹೊಟ್ಟೆನೋವು, ನಿಶ್ಶಕ್ತಿ. ತೂಕ ಏರಲಿಲ್ಲ, ರಕ್ತಹೀನತೆಗೆ ಕಬ್ಬಿಣದ ಔಷಧ ಕೊಟ್ಟರೂ ಗುಣ ಕಾಣಲಿಲ್ಲ. ಕೊನೆಗೆ ರಕ್ತಪರೀಕ್ಷೆ, ಅದರ ಹಿಂದೆ ಸಣ್ಣ ಕರುಳಿನ ಪರೀಕ್ಷೆ ನಡೆದು, ಸೀಲಿಯಾಕ್ ಕಾಯಿಲೆ ಎಂದು ತಿಳಿಯಿತು. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನನ್ನು ತಿಂದಾಗ, ದೇಹದ ರಕ್ಷಣಾವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುವ ಕಾಯಿಲೆ ಇದು. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ. ಭಾರತದಲ್ಲಿ ಗೋಧಿಯೇ ಮುಖ್ಯ ಆಹಾರವಾದ ಉತ್ತರದ ಸೀಮೆಗಳಲ್ಲಿ ಹೆಚ್ಚು, ಅಕ್ಕಿಯನ್ನು ಉಣ್ಣುವ ದಕ್ಷಿಣದಲ್ಲಿ ಕಡಿಮೆ. ಆದ್ದರಿಂದ "ನಮ್ಮವರಿಗೆ ಇದೆಲ್ಲ ಬರುವುದಿಲ್ಲ" ಎಂಬ ನಂಬಿಕೆ ನಮ್ಮಲ್ಲಿಯೂ ಇತ್ತು. ಅಕ್ಕಿ ರಾಗಿಗಳಿಂದ ಬ್ರೆಡ್ಡು ಪಾಸ್ತಾಗಳಿಗೆ ಬಂದ ಸಂಸಾರಗಳು ಆ ನಂಬಿಕೆಯನ್ನು ಸ್ವಲ್ಪ ಸಡಿಲಿಸಬೇಕು.

ಈ ಕಾಯಿಲೆಗೆ ಪಥ್ಯವೇ ಔಷಧ ಎಂಬುದನ್ನು 1888ರಲ್ಲಿಯೇ ಲಂಡನ್ನಿನ ಸ್ಯಾಮ್ಯುಯಲ್ ಗೀ ಎಂಬ ವೈದ್ಯರು ಊಹಿಸಿದ್ದರು. ಯಾವ ಪಥ್ಯ ಎಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನು ಕಂಡುಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದ ಕಾರಣ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ಉಂಟಾಯಿತು. ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಸಹ ತಿಂದು ಬದುಕಿದರು. ಬ್ರೆಡ್ಡು ದುರ್ಲಭವಾಗಿದ್ದ ಆ ದಿನಗಳಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರೆಂದೂ, ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರೆಂದೂ ಡಿಕೆ ಗಮನಿಸಿದರು. ಯುದ್ಧಕ್ಕೆ ಮೊದಲೇ ಅವರಿಗೆ ಗೋಧಿಯ ಮೇಲೆ ಸಂಶಯವಿತ್ತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಅದನ್ನು ಸಿದ್ಧಪಡಿಸಿ ತೋರಿಸಿದರು. ಇಂದಿಗೂ ಈ ಕಾಯಿಲೆಗೆ ಇರುವ ಚಿಕಿತ್ಸೆ ಅದೊಂದೇ: ಜೀವಮಾನವಿಡೀ ಗ್ಲೂಟೆನ್ ಇಲ್ಲದ ಊಟ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮನೆಯಲ್ಲಿ ಯಾರಿಗಾದರೂ ಸಂಶಯವಿದ್ದರೆ, ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಗೋಧಿ ಬಿಡಿ. ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು. ಒಬ್ಬರಿಗೆ ಇದ್ದರೆ ಒಡಹುಟ್ಟಿದವರೂ ತಂದೆತಾಯಿಗಳೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅಂಥ ಹತ್ತಿರದ ಸಂಬಂಧಿಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ.

ನಾವು ಚಪಾತಿ, ಉಪ್ಪಿಟ್ಟು, ಶಾವಿಗೆ, ಚಿರೋಟಿ, ಬ್ರೆಡ್ಡು ಎಲ್ಲವನ್ನೂ ನಿಲ್ಲಿಸಿದೆವು. ಅನ್ನ, ಸಾರು, ದೋಸೆ, ರಾಗಿ ಮುದ್ದೆಗಳಿಗೆ ಮರಳಿದೆವು. ಆದರೂ ನಾಲ್ಕು ತಿಂಗಳ ಮೇಲೆ ಅವಳ ರಕ್ತಪರೀಕ್ಷೆ ಸರಿಯಾಗಿ ಬರಲಿಲ್ಲ. ಪಥ್ಯ ತಜ್ಞೆಯೊಬ್ಬರು ನಮ್ಮ ಅಡಿಗೆಮನೆಯ ಒಂದೊಂದು ಡಬ್ಬಿಯ ಚೀಟಿಯನ್ನೂ ಓದಿಸಿದರು. ಕೊನೆಗೆ ಸಿಕ್ಕಿದ್ದು ಇಂಗು. ಅಂಗಡಿಯಲ್ಲಿ ದೊರೆಯುವ ಇಂಗಿನ ಪುಡಿ ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು. ನಾವು ಪ್ರೀತಿಯಿಂದ ಬಡಿಸಿದ ಪ್ರತಿದಿನದ ಸಾರಿನ ಒಗ್ಗರಣೆಯಲ್ಲಿಯೇ ಅದು ಇತ್ತು. ಆ ರಾತ್ರಿ ನಾವಿಬ್ಬರೂ ಊಟ ಮಾಡಲಿಲ್ಲ. ಈಗ ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ಚೀಟಿ ಓದಿ ತರುತ್ತೇವೆ.

ಅದೇ ವರ್ಷದ ಯುಗಾದಿ ಊಟದಲ್ಲಿ ಮಗಳು ಒಂದು ಮೂಲೆಯಲ್ಲಿ ಮನೆಯ ಡಬ್ಬಿ ಬಿಚ್ಚಿ ಕುಳಿತಿದ್ದಳು. ಹಿರಿಯರೊಬ್ಬರು ಮಮತೆಯಿಂದ ಬಳಿಗೆ ಬಂದು, "ಹೋಳಿಗೆ ಬೇಡವಾದರೆ ಪುಳಿಯೋಗರೆಯಾದರೂ ತಿನ್ನು ಪುಟ್ಟಿ, ಅನ್ನ ತಾನೇ?" ಎಂದರು. ಅವಳು, "ಬೇಡ ಅಜ್ಜಿ, ಅದರಲ್ಲಿ ಇಂಗು ಇದೆ" ಎಂದಳು. ಅವರ ಮುಖ ಬಾಡಿತು, ಇವಳ ಮುಖವೂ ಬಾಡಿತು. ತಪ್ಪು ಯಾರದೂ ಅಲ್ಲ. ಆದರೆ ಎಲ್ಲರೂ ತಿನ್ನುವ ತಟ್ಟೆಯಿಂದ ಒಂದು ಮಗು ತಿನ್ನಲಾರದೆ ಹೋದಾಗ ಆಗುವ ದುಃಖ ಹೊಟ್ಟೆನೋವಿಗಿಂತ ದೊಡ್ಡದು ಎಂದು ಅಂದು ನಮಗೆ ತಿಳಿಯಿತು. ಮನೆಗೆ ಬಂದು ಅವಳು ಕೇಳಿದ್ದು ಒಂದೇ: "ನನ್ನ ಹುಟ್ಟುಹಬ್ಬಕ್ಕೆ ಲಸಾನ್ಯ ಮಾಡಬಹುದೇ? ಎಲ್ಲರಿಗೂ ಒಂದೇ ಥರದ್ದು."

ಅಂಗಡಿಯಲ್ಲಿ ಗ್ಲೂಟೆನ್ ಇಲ್ಲದ ಸಿದ್ಧ ಲಸಾನ್ಯ ಸಿಗುತ್ತದೆ. ತಂದು ನೋಡಿದೆವು. ಅದರಲ್ಲಿ ಪಿಷ್ಟ ಮತ್ತು ಚೀಸು ಬಹಳ, ಬೇಳೆ ತರಕಾರಿ ಅತ್ಯಲ್ಪ. ಗ್ಲೂಟೆನ್ ಇಲ್ಲದ್ದೆಲ್ಲ ಹಗುರ ಎಂಬುದು ಒಂದು ಭ್ರಮೆ. ಗೋಧಿಯನ್ನು ತೆಗೆಯುವುದು ಒಂದು ಕೆಲಸ, ಜಿಡ್ಡನ್ನು ಇಳಿಸುವುದು ಇನ್ನೊಂದು ಕೆಲಸ. ಮನೆಯಲ್ಲಿ ತಾತನಿಗೆ ಕೊಲೆಸ್ಟರಾಲ್ ಇದ್ದುದರಿಂದ ಎರಡೂ ನಮಗೆ ಬೇಕಾಗಿದ್ದವು.

ಮೂಲ ಭಕ್ಷ್ಯವನ್ನು ಕೆಡಿಸಿದಂತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಲಸಾನ್ಯಕ್ಕೆ ಒಂದೇ ಮೂಲರೂಪವಿಲ್ಲ. ಹದಿನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ಸೇರಿದ 'ಲಿಬೆರ್ ದೆ ಕೊಕ್ವಿನಾ' ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಬೇಯಿಸಿದ ಹಾಳೆಗಳ ನಡುವೆ ಚೀಸು ಮತ್ತು ಮಸಾಲೆ ಉದುರಿಸುವ ವಿಧಾನ ಮಾತ್ರ ಇದೆ. ಟೊಮೇಟೊ ಇಲ್ಲ, ಏಕೆಂದರೆ ಟೊಮೇಟೊ ಯೂರೋಪಿಗೆ ಬಂದದ್ದು ಅಮೆರಿಕ ಖಂಡದಿಂದ, ಕೊಲಂಬಸನ ನಂತರ. ಬೊಲೊನ್ಯಾ ನಗರದವರು ಪಾಲಕ್ ಸೊಪ್ಪು ಬೆರೆಸಿದ ಹಸಿರು ಹಾಳೆ, ಮಾಂಸದ ಗೊಜ್ಜು, ಬಿಳಿ ಸಾಸು ಹಾಕುತ್ತಾರೆ. ನೇಪಲ್ಸಿನವರು ರಿಕೊಟ್ಟಾ, ಮೊಜರೆಲ್ಲಾ ಎಂಬ ಚೀಸುಗಳನ್ನು ಹಾಕುತ್ತಾರೆ. ಇವೆರಡಕ್ಕಿಂತ ನಮಗೆ ಬೆಳಕು ಕೊಟ್ಟದ್ದು ಅಬ್ರುಟ್ಸೋ ಪ್ರಾಂತದ ತೆರಾಮೋ ಪಟ್ಟಣ. ಅಲ್ಲಿಯವರು ತಮ್ಮ ಹಬ್ಬದ ತಿಂಬಾಲ್ಲೊ ಎಂಬ ಪದರದ ಭಕ್ಷ್ಯಕ್ಕೆ ಪಾಸ್ತಾ ಹಾಳೆಯ ಬದಲು 'ಸ್ಕ್ರಿಪ್ಪೆಲ್ಲೆ'ಗಳನ್ನು ಬಳಸುತ್ತಾರೆ. ಅವು ಹಿಟ್ಟು, ಮೊಟ್ಟೆ, ನೀರು ಕಲಸಿ ಹುಯ್ದ ತೆಳುವಾದ ದೋಸೆಗಳು. ಇದನ್ನು ಓದಿದ ಕ್ಷಣ ನಮ್ಮಲ್ಲಿ ದಕ್ಷಿಣ ಕನ್ನಡದವರಾದ ಒಬ್ಬರ ಬಾಯಿಂದ "ನೀರುದೋಸೆ!" ಎಂಬ ಉದ್ಗಾರ ಹೊರಟಿತು. ಅವರ ದೋಸೆ ಗೋಧಿಯದು, ನಮ್ಮದು ಬರಿಯ ಅಕ್ಕಿಯದು. ನಮ್ಮ ಸಮಸ್ಯೆಗೆ ಪರಿಹಾರ ಕರಾವಳಿಯ ಕಾವಲಿಯ ಮೇಲೆ ಮೊದಲೇ ಇತ್ತು.

ಈಗ ಪಾಕಕ್ಕೆ ಬರೋಣ. ಒಂಬತ್ತು ಅಂಗುಲ ಅಗಲ, ಹದಿಮೂರು ಅಂಗುಲ ಉದ್ದದ ತಟ್ಟೆಗೆ, ಎಂಟು ಜನರಿಗೆ ಇದು ಸಾಕು.

ಮೊದಲು ಹಾಳೆ. ಒಂದೂವರೆ ಕಪ್ಪು ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ನೀರು ಬೆರೆಸಿ, ಉಪ್ಪು ಹಾಕಿ ದೋಸೆ ಹುಯ್ಯಿರಿ. ಬಿಸಿ ದೋಸೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ಬಟ್ಟೆಯ ಮೇಲೆ ಬೇರೆ ಬೇರೆಯಾಗಿ ಹರಡಿ ಪೂರ್ತಿ ಆರಿಸಿ. ಗೋಧಿಯಲ್ಲಿ ಹಾಳೆಯನ್ನು ಹಿಡಿದಿಡುವುದು ಗ್ಲೂಟೆನ್. ಅಕ್ಕಿಯಲ್ಲಿ ಆ ಕೆಲಸವನ್ನು ಪಿಷ್ಟವೇ ಮಾಡಬೇಕು. ಬೆಂದ ಪಿಷ್ಟ ತಣ್ಣಗಾದಂತೆ ಗಟ್ಟಿಯಾಗುತ್ತದೆ, ತಂಗಳನ್ನ ಬಿರುಸಾಗುವ ಹಾಗೆ. ಆದ್ದರಿಂದ ಆರಿದ ದೋಸೆ ಪದರದಲ್ಲಿ ಕರಗಿಹೋಗುವುದಿಲ್ಲ. ಆರು ದೋಸೆ ಬೇಕು. ಉಳಿದದ್ದು ಅಡಿಗೆಯವರ ಹಕ್ಕು.

ಎರಡನೆಯದು ತರಕಾರಿ. ಒಂದು ದೊಡ್ಡ ಬದನೆಕಾಯಿ, ಎರಡು ಜುಕಿನಿ. ಇವುಗಳಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಹಾಗೆಯೇ ಹಾಕಿದರೆ ಲಸಾನ್ಯ ಕೆರೆಯಾಗುತ್ತದೆ. ಉದ್ದುದ್ದ ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಒರೆಸಿ, 425 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಲೆಯಲ್ಲಿಡಿ. ಕರಿಯುವ ಅಗತ್ಯವಿಲ್ಲ.

ಮೂರನೆಯದು ಗೊಜ್ಜು. ಮಾಂಸದ ಜಾಗದಲ್ಲಿ ಒಂದು ಕಪ್ಪು ಇಡೀ ಮಸೂರ. ನೂರು ಗ್ರಾಂ ಮಸೂರದಲ್ಲಿ ಸುಮಾರು 24 ಗ್ರಾಂ ಪ್ರೋಟೀನು ಇದೆ, ಜಿಡ್ಡು ತೀರ ಅಲ್ಪ. ನಮ್ಮ ಅಮ್ಮಂದಿರು ಮೊರದಲ್ಲಿ ಕೇರಿ ಆರಿಸುತ್ತಿದ್ದಂತೆ ಮಸೂರವನ್ನು ಆರಿಸಿ ತೊಳೆಯಿರಿ. ನಡುವೆ ಗೋಧಿ ಅಥವಾ ಬಾರ್ಲಿಯ ಕಾಳುಗಳು ಸೇರಿರುವುದುಂಟು. ಒಂದು ಚಮಚ ಆಲಿವ್ ಎಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲರಿ, ಬೆಳ್ಳುಳ್ಳಿ ಬಾಡಿಸಿ, ಟೊಮೇಟೊ ಮತ್ತು ಬೆಂದ ಮಸೂರ ಸೇರಿಸಿ, ಚಮಚದಲ್ಲಿ ಗುಡ್ಡೆ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಕುದಿಸಿ.

ನಾಲ್ಕನೆಯದು ಬಿಳಿ ಸಾಸು. ಶಾಸ್ತ್ರೀಯ ವಿಧಾನದಲ್ಲಿ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹುಯ್ಯುತ್ತಾರೆ. ಮೂರು ಕಪ್ಪು ಹಾಲಿಗೆ ಸುಮಾರು ಎಪ್ಪತ್ತು ಗ್ರಾಂ ಬೆಣ್ಣೆ. ನಾವು ನಾಲ್ಕು ದೊಡ್ಡ ಚಮಚ ಅಕ್ಕಿಹಿಟ್ಟನ್ನು ತಣ್ಣನೆಯ, ಕೆನೆ ಕಡಿಮೆಯ ಹಾಲಿನಲ್ಲಿ ಗಂಟಿಲ್ಲದೆ ಕದಡಿ, ಉಳಿದ ಹಾಲು, ಎರಡು ಸಣ್ಣ ಚಮಚ ಆಲಿವ್ ಎಣ್ಣೆ ಸೇರಿಸಿ, ಕೈಬಿಡದೆ ಕಾಸುತ್ತೇವೆ. ಮಗುವಿಗೆ ಗಂಜಿ ಕಾಸಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕುದಿ ಬಂದ ಮೇಲೆ ಐದಾರು ನಿಮಿಷ ಬೆಂದರೆ ಹಸಿ ವಾಸನೆ ಹೋಗುತ್ತದೆ. ಉಪ್ಪು, ಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಹಾಕಿ ಇಳಿಸಿ.

ಐದನೆಯದು ಚೀಸು. ಒಂದು ಪೌಂಡು ಮೊಜರೆಲ್ಲಾ ಹಾಕುವಲ್ಲಿ ಆರು ಔನ್ಸು ಸಾಕು, ಅದೂ ಮೇಲಿನ ಪದರಕ್ಕೆ. ನಾಲಿಗೆಗೆ ಮೊದಲು ತಾಗುವುದು ಅದೇ. ಒಳಗೆ ಜಿಡ್ಡು ಕಡಿಮೆಯ ರಿಕೊಟ್ಟಾ ಒಂದೂವರೆ ಕಪ್ಪು. ಸಸ್ಯಾಹಾರಿಗಳು ಒಂದು ಮಾತನ್ನು ನೆನಪಿಡಬೇಕು: ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸುವುದು ನಿಯಮ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಗಟ್ಟಿ ಚೀಸು ಬೇರೆ ಸಿಗುತ್ತದೆ; ಚೀಟಿ ಓದಿ ಕೊಳ್ಳಿ.

ತಟ್ಟೆಯ ತಳಕ್ಕೆ ಸ್ವಲ್ಪ ಗೊಜ್ಜು, ಅದರ ಮೇಲೆ ಎರಡು ದೋಸೆ, ಗೊಜ್ಜು, ತರಕಾರಿ, ರಿಕೊಟ್ಟಾ, ಬಿಳಿ ಸಾಸು. ಇದೇ ಕ್ರಮ ಇನ್ನೊಮ್ಮೆ. ಕೊನೆಗೆ ದೋಸೆ, ಉಳಿದ ಬಿಳಿ ಸಾಸು, ಚೀಸು. 375 ಡಿಗ್ರಿಯಲ್ಲಿ ಮುಚ್ಚಿ ಅರ್ಧ ಗಂಟೆ, ತೆರೆದು ಹದಿನೈದು ನಿಮಿಷ. ಹೊರತೆಗೆದ ಮೇಲೆ ಇಪ್ಪತ್ತು ನಿಮಿಷ ಮುಟ್ಟಬೇಡಿ. ಮಕ್ಕಳು ಎಷ್ಟು ಗೋಗರೆದರೂ ಕಾಯಿಸಿ. ಆಗ ತುಂಡು ನೆಟ್ಟಗೆ ಬರುತ್ತದೆ. ಬೆಣ್ಣೆಯಲ್ಲಿ ಸುಮಾರು ನಾನೂರು, ಚೀಸಿನಲ್ಲಿ ಸುಮಾರು ಏಳುನೂರು ಕ್ಯಾಲೊರಿ ಉಳಿಯಿತು. ತಲೆಗೆ ನೂರ ನಲವತ್ತರಷ್ಟು ಕಡಿಮೆ. ಪವಾಡವೇನೂ ಅಲ್ಲ, ಆದರೆ ತಾತನಿಗೂ ಒಂದು ತುಂಡು ಬಡಿಸಬಹುದು.

ಪದಾರ್ಥ ಸರಿಯಿದ್ದರೆ ಸಾಲದು, ಪಾತ್ರೆಯೂ ಸರಿಯಿರಬೇಕು. ಈ ದೇಶದ ಆಹಾರ ಇಲಾಖೆ 2013ರಲ್ಲಿ ಮಾಡಿದ ನಿಯಮದಂತೆ, ಗ್ಲೂಟೆನ್ ಇಲ್ಲ ಎಂದು ಬರೆದ ಒಂದು ಕಿಲೋ ಆಹಾರದಲ್ಲಿ ಗ್ಲೂಟೆನ್ 20 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಚಪಾತಿ ಮಾಡಿದ ಕಾವಲಿ, ಪಾಸ್ತಾ ಸೋಸಿದ ಜಾಲರಿ, ಹಿಟ್ಟು ಕೂತ ಮರದ ಸೌಟು, ಗೋಧಿಹಿಟ್ಟಿಗೆ ಹಾಕಿದ ಚಮಚವನ್ನೇ ಅಕ್ಕಿಹಿಟ್ಟಿಗೂ ಹಾಕುವ ಅಭ್ಯಾಸ, ಇವು ಆ ಮಿತಿಯನ್ನು ಸುಲಭವಾಗಿ ದಾಟಿಸುತ್ತವೆ. ಚೀಟಿಯಲ್ಲಿ 'ಗೋಧಿ ಇಲ್ಲ' ಎಂದಿದ್ದರೂ ನಂಬಬೇಡಿ. 2004ರ ಅಲರ್ಜಿ ಕಾನೂನು ಗೋಧಿಯನ್ನು ಹೆಸರಿಸುವಂತೆ ಕಡ್ಡಾಯ ಮಾಡಿತು, ಬಾರ್ಲಿಯನ್ನಲ್ಲ. ಮಾಲ್ಟ್ ಎಂದಿದ್ದರೆ ಸಾಮಾನ್ಯವಾಗಿ ಅದು ಬಾರ್ಲಿ. ನಮ್ಮ ರಾಗಿ ಮಾಲ್ಟಿನದು ಬೇರೆ ಕುಲ. ಬರಿಯ ರಾಗಿಯದಾದರೆ ತೊಂದರೆಯಿಲ್ಲ.

ಆ ವರ್ಷದ ಹುಟ್ಟುಹಬ್ಬಕ್ಕೆ ಹನ್ನೊಂದು ಮಕ್ಕಳು ಬಂದಿದ್ದರು. ಎರಡು ತಟ್ಟೆ ಲಸಾನ್ಯ ಮಾಡಿದೆವು. ಅದರಲ್ಲಿ ಗೋಧಿಯಿಲ್ಲವೆಂದು ನಾವು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಮಗಳು ಎರಡನೆಯ ಸಲ ಬಡಿಸಿಕೊಂಡಳು. ಬದಿಯಲ್ಲಿ ಬೇರೆ ಡಬ್ಬಿ ಇರಲಿಲ್ಲ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ವಿನಂತಿ. ಮುಂದಿನ ದೀಪಾವಳಿ ಊಟದಲ್ಲಿ ಪ್ರತಿ ಪಾತ್ರೆಯ ಮುಂದೆ ಅದರಲ್ಲಿ ಏನೇನಿದೆ ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಒಂದು ಚೀಟಿ ಇಡಿಸಿ, ಇಂಗನ್ನು ಮರೆಯಬೇಡಿ. ಒಂದು ಮೇಜನ್ನು ಗೋಧಿಯ ಪಾತ್ರೆಗಳಿಂದ ದೂರವಿಟ್ಟು, ಅಲ್ಲಿಗೆ ಬೇರೆ ಸೌಟುಗಳನ್ನು ಕೊಡಿ. ಆ ಮೇಜಿನ ಊಟವನ್ನು ಒಬ್ಬಿಬ್ಬರು ಮಕ್ಕಳಿಗಷ್ಟೇ ಅಲ್ಲ, ಇಡೀ ಸಭೆಗೆ ಸಾಲುವಷ್ಟು ಮಾಡೋಣ. ಮೊದಲ ಎರಡು ತಟ್ಟೆ ಲಸಾನ್ಯ ನಮ್ಮ ಮನೆಯಿಂದ ಬರುತ್ತದೆ. ಪುಳಿಯೋಗರೆ ಕೊಡಲು ಬಂದ ಆ ಅಜ್ಜಿ ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ಅಕ್ಕಿಹಿಟ್ಟಿನ ಇಂಗಿನ ಒಂದು ಡಬ್ಬಿ ತಂದಿದ್ದೇವೆ. ಅವರ ಕೈಯ ಪುಳಿಯೋಗರೆ ನಮ್ಮ ಮಗಳಿಗೆ ಬಾಕಿ ಇದೆ.