ಜೀರ್ಣ ಸಿ.ಡಿ.ಗಳಿಂದ ಕಡತಗಳ ಉದ್ಧಾರ



ಓಲೆಗರಿಯನ್ನು ಗೆದ್ದಲು ತಿನ್ನುವುದೆಂಬುದು ಸರ್ವವಿದಿತವಾದ ವಿಷಯವು. ಆದರೆ ಬೆಳಕಿನಿಂದ ಓದಲ್ಪಡುವ ಸಿ.ಡಿ.ಯೂ ಕೆಡತಕ್ಕ ವಸ್ತುವೇ ಎಂಬುದನ್ನು ಅನೇಕರು ಅರಿಯರು. ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದು ನಂಬಿ ಬಹುಕಾಲದ ತರುವಾಯ ತೆಗೆದಾಗ, ಗತಿಸಿದ ಹಿರಿಯರ ಮಾತುಗಳನ್ನು ಕಡತವಾಗಿ ಇರಿಸಿದ್ದ ಸಿ.ಡಿ.ಯು ಮೂಕವಾಗಿರುವುದುಂಟು. ಆಗ ಮಾಡತಕ್ಕದ್ದೇನು, ಮಾಡಬಾರದುದೇನು ಎಂಬುದೇ ಈ ಉಪನ್ಯಾಸದ ವಿಷಯವು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. 1982ನೆಯ ಇಸವಿಯಲ್ಲಿ ಮಾರಾಟಕ್ಕೆ ಬಂದ ಸಿ.ಡಿ.ಯು 120 ಮಿಲಿಮೀಟರು ಅಗಲವೂ 1.2 ಮಿಲಿಮೀಟರು ದಪ್ಪವೂ ಉಳ್ಳದ್ದು. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಗೆರೆಯಲ್ಲಿ ಬರಹವೆಲ್ಲವೂ ಅಡಗಿರುತ್ತದೆ. ಲೇಸರ್ ಕಿರಣವು ಅಡಿಯಿಂದ ಓದುವುದಾದರೂ, ಬರಹದ ಪದರವು ಹೆಸರು ಬರೆಯುವ ಮೇಲ್ಮೈಗೇ ಅತಿ ಸಮೀಪದಲ್ಲಿದೆ. ಆದಕಾರಣ ಹೊಳೆಯುವ ಕಡೆಯ ಗೀರಿಗಿಂತ ಹೆಸರಿನ ಕಡೆಯ ಗೀರೇ ಹೆಚ್ಚು ಘಾತಕವು. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳಲ್ಲಿ ಬಣ್ಣದ ಪದರವಿರುವುದರಿಂದ ಬಿಸಿಲೂ ಅವಕ್ಕೆ ವೈರಿಯೇ.

ಅಮೇರಿಕಾದ ರೀಡ್ ಮತ್ತು ಸಾಲೊಮನ್ ಎಂಬವರು 1960ರಲ್ಲಿ ಪ್ರಕಟಿಸಿದ ಗಣಿತಕ್ರಮವನ್ನು ಅನುಸರಿಸಿ, ಮೂಲ ಬರಹದೊಡನೆ ತಪ್ಪು ತಿದ್ದುವ ಅಂಕಗಳೂ ಸಿ.ಡಿ.ಯಲ್ಲಿ ಬರೆಯಲ್ಪಟ್ಟಿರುತ್ತವೆ. ಗೆರೆಯ ಜಾಡಿನಲ್ಲಿ ಸುಮಾರು 2.5 ಮಿಲಿಮೀಟರು ಅಳಿದರೂ ಯಂತ್ರವು ತಾನೇ ತಿದ್ದಿಕೊಳ್ಳಬಲ್ಲುದು. ಅದಕ್ಕಿಂತ ಉದ್ದವಾಗಿ ಕೆಟ್ಟರೆ ಕಷ್ಟವು. ಆದುದರಿಂದಲೇ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕೇ ಹೊರತು, ಸುತ್ತಲೂ ತಿರುವಿ ಒರೆಸಬಾರದು. ಬಿರುಕು ಬಿಟ್ಟುದನ್ನಂತೂ ಯಂತ್ರಕ್ಕೆ ಹಾಕಲೇಬಾರದು. ವೇಗದಿಂದ ತಿರುಗುವಾಗ ಅದು ಒಡೆದು ಚೂರಾದೀತು.

ಸಾಧಾರಣವಾಗಿ ಕಡತವನ್ನು ನಕಲು ಮಾಡುವಾಗ ಕೆಟ್ಟ ಎಡೆಯು ಬಂದೊಡನೆ ಕೆಲಸವು ನಿಂತುಬಿಡುತ್ತದೆ. ಮುಂದಿನ ಒಳ್ಳೆಯ ಭಾಗವು ಓದದೆಯೇ ಉಳಿಯುತ್ತದೆ. 2004ರಲ್ಲಿ ಅಂತೋನಿಯೊ ದಿಯಾಸ್ ಎಂಬವರು ರಚಿಸಿ ಧರ್ಮಾರ್ಥವಾಗಿ ಎಲ್ಲರಿಗೂ ಒದಗಿಸಿದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ರೀತಿಯೇ ಬೇರೆ. ಅದು ಸುಲಭವಾಗಿ ದೊರೆಯುವುದೆಲ್ಲವನ್ನೂ ಮೊದಲು ಎತ್ತಿಕೊಳ್ಳುತ್ತದೆ. ಓದಲಾಗದ ಎಡೆಗಳನ್ನು ಒಂದು ಲೆಕ್ಕದ ಕಡತದಲ್ಲಿ ಗುರುತಿಸಿಟ್ಟು, ತರುವಾಯ ಅಲ್ಲಿಗೆ ಮರಳಿ ಅಂಚುಗಳಿಂದ ಮೆಲ್ಲಮೆಲ್ಲನೆ ಬಿಡಿಸುತ್ತದೆ. ಲೆಕ್ಕವು ಇರುವುದರಿಂದ ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ಒಂದು ಯಂತ್ರಕ್ಕೆ ದಕ್ಕದುದನ್ನು ಮತ್ತೊಂದು ಯಂತ್ರದಲ್ಲಿ ಪ್ರಯತ್ನಿಸಬಹುದು.

ಇನ್ನೂ ವಿಶೇಷವೇನೆಂದರೆ, ಒಂದೇ ಬರಹದ ಎರಡು ಸಿ.ಡಿ.ಗಳು ಬೇರೆ ಬೇರೆ ಎಡೆಗಳಲ್ಲಿ ಕೆಟ್ಟಿದ್ದರೆ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿ ಪೂರ್ಣಪ್ರತಿಯನ್ನು ಪಡೆಯಬಹುದು. ಮುರಿದ ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ಕೂಡಿಸುವ ಪಂಡಿತರಿಗೆ ಈ ನ್ಯಾಯವು ಹೊಸದಲ್ಲ. ಆದಕಾರಣ ಕೆಟ್ಟಿತೆಂದು ಯಾವ ಪ್ರತಿಯನ್ನೂ ಎಸೆಯತಕ್ಕದ್ದಲ್ಲ.

ಹೀಗೆ ಪಡೆದ ಪ್ರತಿಯಲ್ಲಿ ಕಡತಗಳ ಪಟ್ಟಿಯೇ ಅಳಿದುಹೋಗಿದ್ದರೆ, ಫೋಟೊರೆಕ್ ಎಂಬ ಇನ್ನೊಂದು ತಂತ್ರಾಂಶವು ಚಿತ್ರ, ಧ್ವನಿ ಮೊದಲಾದವುಗಳನ್ನು ಅವುಗಳ ಆರಂಭದ ಲಕ್ಷಣದಿಂದಲೇ ಗುರುತಿಸಿ ಹೊರತೆಗೆಯುತ್ತದೆ; ಹೆಸರುಗಳು ಮಾತ್ರ ಸಾಮಾನ್ಯವಾಗಿ ದೊರೆಯವು.

ಆದರೂ ಯಾವ ತಂತ್ರಾಂಶವೂ ಇಲ್ಲದುದನ್ನು ಸೃಷ್ಟಿಸಲಾರದು. ಕಡೆಗೂ ಓದಲಾಗದ ಎಡೆಯು ಪ್ರತಿಯಲ್ಲಿ ಬರಿದಾಗಿಯೇ ಉಳಿಯುತ್ತದೆ. ಅಲ್ಲಿದ್ದ ಹಿರಿಯರ ಮಾತು ಮರಳದು. ಆ ಕಾರಣದಿಂದ ಉದ್ಧಾರಕ್ಕಿಂತ ರಕ್ಷಣೆಯೇ ಮೇಲು. ಡಿವಿಡಿಸಾಸ್ಟರ್ ಎಂಬ ತಂತ್ರಾಂಶದಿಂದ, ಸಿ.ಡಿ.ಯು ಚೆನ್ನಾಗಿರುವಾಗಲೇ ಅದರ ತಿದ್ದುವ ಅಂಕಗಳನ್ನು ಬೇರೊಂದೆಡೆ ಬರೆದಿಡಬಹುದು. ಅದಕ್ಕೂ ಸುಲಭವಾದುದು, ಓದಲು ಬರುವಾಗಲೇ ಎರಡು ಮೂರು ಕಡೆಗಳಲ್ಲಿ ನಕಲು ಮಾಡಿ ಇರಿಸುವುದು. ಸದ್ಭಕ್ತರು ಇಲ್ಲಿಂದ ಮನೆಗೆ ಹೋದೊಡನೆ ತಮ್ಮ ಪೆಟ್ಟಿಗೆಗಳನ್ನು ತೆರೆದು ನೋಡತಕ್ಕದ್ದು.