"ನೀತಿಸಂಹಿತೆ ಇದೆ, ಆಮೇಲೆ ಬನ್ನಿ" ಅಂದಾಗ ಏನು ಕೇಳಬೇಕು?

ಚುನಾವಣೆ ಘೋಷಣೆಯಾದ ಮಾರನೇ ದಿನದಿಂದಲೇ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಚೇರಿಗಳಲ್ಲಿ ಒಂದು ಮಾತು ಕಿವಿಗೆ ಬೀಳೋಕೆ ಶುರುವಾಗುತ್ತೆ: "ನೀತಿಸಂಹಿತೆ ಇದೆ, ಎಲೆಕ್ಷನ್ ಮುಗಿದಮೇಲೆ ಬನ್ನಿ." ಡಿ.ಬಿ. ಕುಪ್ಪೆ ಕಡೆ ಹಾಡಿಯಿಂದ ಮಗಳ ಜಾತಿ ಪ್ರಮಾಣಪತ್ರಕ್ಕೆ ಅಂತ ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿ ಈ ಮಾತು ಕೇಳಿಸಿಕೊಂಡು ಸುಮ್ಮನೆ ವಾಪಸ್ ಬಸ್ಸು ಹತ್ತುತ್ತಾಳೆ. ಹಾಗೆ ವಾಪಸ್ ಹೋಗೋ ಅಗತ್ಯ ಇಲ್ಲ. ಇವತ್ತು ಅದನ್ನೇ ಬಿಡಿಸಿ ಹೇಳ್ತೀನಿ.

ನೀತಿಸಂಹಿತೆ ತಡೆಯೋದು ಅಧಿಕಾರದಲ್ಲಿರೋರು ಸರ್ಕಾರದ ದುಡ್ಡು, ಸರ್ಕಾರದ ಕಾರು, ಸರ್ಕಾರದ ಹೆಸರು ಬಳಸಿ ಓಟು ಕೇಳೋದನ್ನ. ಅದಕ್ಕೇ ಹೊಸ ಯೋಜನೆ ಘೋಷಿಸೋ ಹಾಗಿಲ್ಲ, ಗುದ್ದಲಿ ಪೂಜೆ ಮಾಡೋ ಹಾಗಿಲ್ಲ. ಕಾರ್ಯಾದೇಶ ಕೈಯಲ್ಲಿದ್ದರೂ ಸ್ಥಳದಲ್ಲಿ ಕೆಲಸ ಶುರುವಾಗಿಲ್ಲ ಅಂದರೆ ಶುರು ಮಾಡೋ ಹಾಗಿಲ್ಲ. ಆದರೆ ಆಗಲೇ ಶುರುವಾಗಿರೋ ರಸ್ತೆ ಕೆಲಸ ನಿಲ್ಲಬೇಕಿಲ್ಲ. ಪಡಿತರ ನಿಲ್ಲಲ್ಲ, ಬರುತ್ತಿರೋ ಪಿಂಚಣಿ ನಿಲ್ಲಲ್ಲ, ನಡೆಯುತ್ತಿರೋ ಉದ್ಯೋಗ ಖಾತ್ರಿ ಕೆಲಸಕ್ಕೆ ಜಾಬ್ ಕಾರ್ಡ್ ಇರೋರು ಹೋಗಬಹುದು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ, ಪಹಣಿ ಕೊಡೋದು ದಿನನಿತ್ಯದ ಕೆಲಸ, ಯಾವ ಪಕ್ಷದ ಪ್ರಚಾರವೂ ಅಲ್ಲ.

"ಮುಗಿದಮೇಲೆ" ಅಂದರೆ ಎಷ್ಟು ದಿನ ಅಂತಲೂ ನೋಡಿ. 2024ರ ಲೋಕಸಭಾ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ. ನಾವು ಇಲ್ಲಿ ಓಟು ಹಾಕಿದ್ದು ಏಪ್ರಿಲ್ 26ಕ್ಕೆ. ಎಣಿಕೆ ಜೂನ್ 4ಕ್ಕೆ, ನೀತಿಸಂಹಿತೆ ತೆಗೆದಿದ್ದು ಜೂನ್ 6ಕ್ಕೆ. ಹೆಚ್ಚುಕಮ್ಮಿ ಎರಡೂಮುಕ್ಕಾಲು ತಿಂಗಳು! ಅಷ್ಟರಲ್ಲಿ ಶಾಲೆ, ಹಾಸ್ಟೆಲ್ ಸೇರಿಸೋ ಹೊತ್ತು ಬಂದೇಬಿಟ್ಟಿರುತ್ತೆ.

ಅದೇ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನ ಬರಪೀಡಿತ ಅಂತ ಘೋಷಿಸಿದ್ದರು. ಕೇಂದ್ರದಿಂದ ಬರ ಪರಿಹಾರ ಬರಲಿಲ್ಲ ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಚುನಾವಣಾ ಆಯೋಗ ಒಪ್ಪಿಗೆ ಕೊಟ್ಟಮೇಲೆ, ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ರೂಪಾಯಿಗೆ ಮಂಜೂರಾತಿ ಸಿಕ್ಕಿತು. ಸಂಹಿತೆ ಜಾರಿಯಲ್ಲಿದ್ದಾಗಲೇ! ತುರ್ತು ಇದ್ದರೆ ಆಯೋಗದ ಅನುಮತಿ ಕೇಳೋ ದಾರಿ ಸರ್ಕಾರಕ್ಕೂ ಇದೆ. ನಿಮ್ಮ ಆದಾಯ ಪ್ರಮಾಣಪತ್ರಕ್ಕಂತೂ ಆ ಅನುಮತಿಯೂ ಬೇಕಿಲ್ಲ.

ಹಾಗಾದರೆ ಕೌಂಟರ್ ಮುಂದೆ ನಿಂತಾಗ ಏನು ಮಾಡಬೇಕು? ಜಗಳ ಬೇಡ. ಸಿಬ್ಬಂದಿಗೆ ಚುನಾವಣೆ ಡ್ಯೂಟಿ ಇರುತ್ತೆ, ಒಂದೆರಡು ದಿನ ತಡವಾಗಬಹುದು, ಅದು ನ್ಯಾಯವೇ. ಆದರೆ ಅರ್ಜಿ ತಗೊಳ್ಳೋದೇ ಇಲ್ಲ ಅಂದರೆ ಒಪ್ಪಬೇಡಿ. ಅರ್ಜಿ ಕೊಟ್ಟು ಸಕಾಲ ರಸೀದಿ ಕೇಳಿ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತೆ. ಆಗಲ್ಲ ಅಂತಲೇ ಹೇಳಿದರೆ, "ಸ್ವಾಮಿ, ಯಾವ ಕಾರಣಕ್ಕೆ ಆಗಲ್ಲ ಅಂತ ಹಿಂಬರಹ ಕೊಡಿ" ಅನ್ನಿ. ಬರವಣಿಗೆಯಲ್ಲಿ ಕಾರಣ ಕೊಡಬೇಕಾದಾಗ ನಿಯಮ ತೆಗೆದು ನೋಡಲೇಬೇಕಾಗುತ್ತೆ.

ಈಗ ನಮ್ಮ ಕಡೆಯ ಇನ್ನೊಂದು ಗೊಂದಲ. ಜಿಲ್ಲೆ ಮೈಸೂರು, ಆದರೆ ಲೋಕಸಭೆಗೆ ಬಂದಾಗ ನಾವು ಮೂರು ದಿಕ್ಕು. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಕ್ಷೇತ್ರಕ್ಕೆ. ಕೆ.ಆರ್. ನಗರ ಮಂಡ್ಯಕ್ಕೆ. ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ವಾಟ್ಸಾಪಲ್ಲಿ "ಮೈಸೂರು ಅಭ್ಯರ್ಥಿಗಳ ಪಟ್ಟಿ" ಅಂತ ಬಂದರೆ ಅದು ಕೋಟೆಯವರ ಪಟ್ಟಿ ಅಲ್ಲ. ಕೋಟೆ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲಾತಿ ನಿಲ್ಲೋರಿಗೆ, ಓಟು ಹಾಕೋರಿಗಲ್ಲ. ಓಟು ಎಲ್ಲ ಜಾತಿಯವರದ್ದೂ ಇದೆ.

ಕಾಡಂಚಿನ ರೈತರಿಗೊಂದು ಮಾತು. ಚುನಾವಣೆ ಬಂದರೆ ಲೈಸೆನ್ಸ್ ಬಂದೂಕು ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತೆ. ಆನೆ, ಹಂದಿ ಹೊಲಕ್ಕೆ ಬೀಳೋ ಊರುಗಳಲ್ಲಿ ಇದು ನಿಜವಾದ ಸಂಕಟ, ಸಣ್ಣದು ಅಂತ ನಾನು ಹೇಳಲ್ಲ. ಯಾರು ಒಪ್ಪಿಸಬೇಕು, ಯಾರಿಗೆ ವಿನಾಯಿತಿ ಅನ್ನೋದನ್ನ ನೋಡೋಕೆ ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರುತ್ತೆ. ಬೆಳೆ ರಕ್ಷಣೆಗೆ ಬೇಕು ಅಂತ ಕಾರಣ ಬರೆದು ಅರ್ಜಿ ಕೊಡಿ. ತೀರ್ಮಾನ ಆಗೋವರೆಗೆ ಆದೇಶ ಪಾಲಿಸಿ.

ಚುನಾವಣೆ ಹೊತ್ತಲ್ಲಿ ಶುಂಠಿ ಮಾರಿಯೋ, ಜೋಡೆತ್ತು ಮಾರಿಯೋ ದುಡ್ಡು ತರುವಾಗ 50,000 ರೂಪಾಯಿ ದಾಟಿದ್ದರೆ ಮಂಡಿ ಚೀಟಿಯನ್ನೋ, ಬ್ಯಾಂಕಿನ ಚೀಟಿಯನ್ನೋ ಜೇಬಲ್ಲಿಟ್ಟುಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಹಿಡಿದರೆ ರಸೀದಿ ಪಡೆಯಿರಿ. ಇಂಥ ದುಡ್ಡು ವಾಪಸ್ ಕೊಡೋ ತೀರ್ಮಾನಕ್ಕೆ ಮೂವರು ಅಧಿಕಾರಿಗಳ ಸಮಿತಿ ಜಿಲ್ಲೆಯಲ್ಲಿ ಇರುತ್ತೆ. ದಾಖಲೆ ಹಿಡಿದು ಅಲ್ಲಿಗೆ ಹೋಗಿ.

ಕೊನೆಗೆ, ಕೊಡಗಿನ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗಿರೋ ನಮ್ಮ ಹಾಡಿಯ ಅಣ್ಣಂದಿರು, ಅಕ್ಕಂದಿರಿಗೆ. ಕೆಲವು ತಿಂಗಳು ದುಡಿಯೋಕೆ ಹೋದಿರಿ ಅಂತ ನಿಮ್ಮ ಹೆಸರು ಊರಿನ ಪಟ್ಟಿಯಿಂದ ತೆಗೆಯೋ ಹಾಗಿಲ್ಲ. ಹೆಸರು ಇದೆಯಾ ಅಂತ ಈಗಲೇ ಬೂತ್ ಮಟ್ಟದ ಅಧಿಕಾರಿ ಹತ್ತಿರ ಕೇಳಿಸಿ; ಬಿಟ್ಟುಹೋಗಿದ್ದರೆ ನಮೂನೆ 6, ತಪ್ಪಾಗಿದ್ದರೆ ನಮೂನೆ 8. ಮತದಾನದ ದಿನ ಸಂಬಳ ಕಡಿಯದೆ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತೆ. ದಿನಗೂಲಿಯವರಿಗೂ ಆ ದಿನದ ಕೂಲಿ ಸಿಗಬೇಕು. ಗುರುತಿನ ಚೀಟಿ ಕಳೆದಿದ್ದರೆ ಆಧಾರ್ ಅಥವಾ ಉದ್ಯೋಗ ಖಾತ್ರಿ ಕಾರ್ಡ್ ಸಾಕು, ಪಟ್ಟಿಯಲ್ಲಿ ಹೆಸರು ಮಾತ್ರ ಇರಬೇಕು. ಒಂದು ವಾರ ಮುಂಚೆಯೇ ಮೇಸ್ತ್ರಿಗೆ ಹೇಳಿಡಿ, ಒಪ್ಪದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ತೋಟದ ಹೆಸರು ಮತ್ತು ಊರು ಹೇಳಿ.